ಎಲ್ಲೆಲ್ಲಿ ನಕ್ಕರು

ಊರಿನಿಂದ ಬರುವ ಸಾಹಿತಿ ಯಾರ ಮನೆಯಲ್ಲಿ ಇಳಿದುಕೊಳ್ಳಬೇಕು ಎನ್ನುವುದು ನಮ್ಮ ಸಂಘದಲ್ಲಿ ಪ್ರತಿ ಸಲವೂ ಉತ್ಸವಕ್ಕಿಂತ ದೊಡ್ಡ ಪ್ರಶ್ನೆಯಾಗುತ್ತಿತ್ತು. ಬರ್ಮಿಂಗ್‌ಹ್ಯಾಮ್, ಕೊವೆಂಟ್ರಿ ಕಡೆಯ ಕನ್ನಡದವರು ಸೇರಿ ಆಗಾಗ ಒಂದು ದಿನದ ಸಾಹಿತ್ಯೋತ್ಸವ ನಡೆಸುತ್ತಿದ್ದ ಕಾಲ ಅದು; ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹೋಟೆಲಿನಲ್ಲಿ ಇರಿಸಿದರೆ ಅತಿಥಿಗೆ ಅವಮಾನ ಎಂದು ಎಲ್ಲರೂ ಹೇಳುತ್ತಿದ್ದರು. ಒಳಗಿನ ಕಾರಣ ಬೇರೆ. ಸಾಹಿತಿ ಉಳಿದ ಮನೆಗೆ ಆ ವಾರ ಎಲ್ಲರೂ ಬಂದು ಹೋಗುತ್ತಾರೆ. ಆ ಮನೆಯ ಸೋಫಾದ ಮೇಲೆ ತೆಗೆದ ಫೋಟೋ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಈ ಭಾಗ್ಯ ಸಾಮಾನ್ಯವಾಗಿ ಎಜ್‌ಬಾಸ್ಟನ್ನಿನ ಡಾಕ್ಟರುಗಳ ದೊಡ್ಡ ಮನೆಗಳಿಗೇ ಸಿಗುತ್ತಿತ್ತು.

ಆ ವರ್ಷ ನನಗೆ ಸಿಕ್ಕಿತು, ಅದೂ ಒಂದು ನಾಯಿಯ ದೆಸೆಯಿಂದ. ಬರಲಿದ್ದವರು ಮೈಸೂರಿನ ಹಿರಿಯ ಕತೆಗಾರರು, ನಿವೃತ್ತ ಶಾಲಾ ಮೇಷ್ಟ್ರು. ಅವರು ಫೋನಿನಲ್ಲಿ ಕೇಳಿದ್ದು ಒಂದೇ: ನಾಯಿ ಇಲ್ಲದ ಮನೆ ಕೊಡಿ. ನಮ್ಮ ಅಧ್ಯಕ್ಷರ ಮನೆಯಲ್ಲಿ ಕರುವಿನಷ್ಟು ಎತ್ತರದ ನಾಯಿ ಇತ್ತು. ಉಳಿದ ಇಬ್ಬರು ಡಾಕ್ಟರುಗಳ ಮನೆಯಲ್ಲಿ ಹಗಲು ಹೊತ್ತು ಯಾರೂ ಇರುತ್ತಿರಲಿಲ್ಲ. ಸೆಲ್ಲಿ ಓಕ್‌ನ ನಮ್ಮ ಸಣ್ಣ ಮನೆಯಲ್ಲಿ ನಾಯಿ ಇರಲಿಲ್ಲ, ಹೆಂಡತಿ ಇದ್ದಳು.

ನಾನು ಸಿಟಿ ಬಸ್ಸಿನ ಡ್ರೈವರ್. ಓದಿದ್ದು ರಾಣೇಬೆನ್ನೂರಿನಲ್ಲಿ ಹೈಸ್ಕೂಲಿನವರೆಗೆ. ಡಿಪೋದಲ್ಲಿ ನಾನೊಂದು ಬ್ಯಾಡ್ಜ್ ನಂಬರು. ಸಂಘದಲ್ಲಿ ಮಾತ್ರ ಎಲ್ಲರೂ ನನ್ನನ್ನು ರಾಯರೇ ಎನ್ನುತ್ತಿದ್ದರು. ಹಾಲ್ ಬುಕ್ ಮಾಡುವುದು, ಕುರ್ಚಿ ಜೋಡಿಸುವುದು, ಮೈಕು ನೋಡಿಕೊಳ್ಳುವುದು, ಅಡುಗೆಮನೆಯ ಬೀಗದಕೈ ಇಟ್ಟುಕೊಳ್ಳುವುದು, ಇಷ್ಟು ಕೆಲಸಕ್ಕೆ ಅಷ್ಟು ದೊಡ್ಡ ಹೆಸರು. ಉತ್ಸವಗಳಿಂದ ನನಗಾದ ಲಾಭ ಕೇಳಿದರೆ ಮೊದಲು ಅದನ್ನೇ ಹೇಳಬೇಕು. ಆಮೇಲೆ ಪುಸ್ತಕಗಳು. ಬಂದ ಲೇಖಕರು ಸಹಿ ಹಾಕಿ ಕೊಟ್ಟುಹೋದವನ್ನು ಬಸ್ಸಿನ ಕೊನೆಯ ಸ್ಟಾಪಿನಲ್ಲಿ, ವಾಪಸು ಹೊರಡುವ ಹೊತ್ತಾಗುವವರೆಗೆ ಓದುತ್ತಿದ್ದೆ. ನನಗೆ ಓದುವ ಚಟ ಹತ್ತಿದ್ದು ಐವತ್ತು ದಾಟಿದ ಮೇಲೆ. ಇದು ಸಣ್ಣ ಲಾಭವಲ್ಲ. ಆದರೆ ಅದೇ ಉತ್ಸವದಲ್ಲಿ ನಾನು ಇನ್ನೊಬ್ಬರಿಂದ ಕಿತ್ತುಕೊಂಡದ್ದೂ ಒಂದಿದೆ.

ಮೇಷ್ಟ್ರು ಸೋಮವಾರ ಬಂದಿಳಿದರು. ಸಣ್ಣ ಆಳು, ತಲೆಗೆ ಮಫ್ಲರು, ಕೈಯಲ್ಲಿ ಬಟ್ಟೆಯ ಚೀಲ. ಆ ಚೀಲದಲ್ಲಿ ಅವರ ಹೊಸ ಕತೆ ಇತ್ತು. ಮೊದಲ ದಿನ ಊಟಕ್ಕೆ ಕೂತಾಗಲೇ ಅದರ ಸಂಗತಿ ಹೇಳಿದರು.

"ಇದು ನಮ್ಮಕ್ಕನ ಕತೆ ರಾಯರೇ. ಅವಳದೇ. ಭಾವ ತೀರಿಕೊಂಡಾಗ ನಡೆದದ್ದು. ಮೈಸೂರಲ್ಲಿ ಓದೋ ಹಾಗಿಲ್ಲ. ಬಾಳೆಹಣ್ಣು ಹಿಡ್ಕೊಂಡು ಮಾತಾಡಿಸೋಕೆ ಬಂದಿದ್ದ ನೆಂಟರೆಲ್ಲ ಬದುಕಿದ್ದಾರೆ. ಗುರುತು ಹಿಡಿದುಬಿಡ್ತಾರೆ."

"ಅಚ್ಚಿಗೆ ಕೊಡಂಗಿಲ್ಲೇನ್ರಿ ಮಾಸ್ತರ?" ಎಂದು ನನ್ನ ಹೆಂಡತಿ ಕೇಳಿದಳು. ಅವಳು ಹುಬ್ಬಳ್ಳಿಯವಳು.

"ಅಕ್ಕ ಬಿಡಲ್ಲ ತಾಯಿ. ಸಮುದ್ರ ದಾಟಿ ಹೋಗ್ತಿದ್ದೀಯಲ್ಲ, ಅಲ್ಲಿ ಯಾರಿಗೂ ನಾನು ಗೊತ್ತಿಲ್ಲ, ಅಲ್ಲಿ ಓದು ಅಂದಳು. ಓದಿ, ಜನ ಎಲ್ಲೆಲ್ಲಿ ನಕ್ಕರು ಅಂತ ನೋಡ್ಕೊಂಡು ಬಂದು ಹೇಳು ಅಂದಳು. ಎಂಬತ್ತು ದಾಟಿದೆ ಅವಳಿಗೆ. ಈಗ ದಿನಾ ಕಾಯ್ತಾ ಕೂತಿರ್ತಾಳೆ."

ಕತೆ ಹೀಗೆ. ಗಂಡ ಸತ್ತ ಹೆಂಗಸೊಬ್ಬಳು. ಗಂಡನಿಗೆ ಕರಿದ ಎಣ್ಣೆಯ ವಾಸನೆ ಆಗುತ್ತಿರಲಿಲ್ಲ. ಮದುವೆಯಾದ ಮೇಲೆ ಆಕೆ ಬೋಂಡಾ ತಿಂದೇ ಇಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಆಕೆ ಬಾಗಿಲು ಹಾಕಿಕೊಂಡು ಬೋಂಡಾ ಕರಿಯುತ್ತಾಳೆ. ಮೊದಲನೆಯದು ಬಾಯಿಗೆ ಹೋಗುವಷ್ಟರಲ್ಲಿ ಗೇಟು ಕಿರುಗುಟ್ಟುತ್ತದೆ. ಬಂದವರು ದುಃಖ ವಿಚಾರಿಸುತ್ತಾರೆ. ಸುಡುವ ಬೋಂಡಾ ಉಗುಳುವಂತಿಲ್ಲ, ನುಂಗುವಂತಿಲ್ಲ. ಆಕೆಯ ಕಣ್ಣಲ್ಲಿ ಧಾರೆಯಾಗಿ ನೀರು ಹರಿಯುತ್ತದೆ. ಎಂಥ ಪತಿವ್ರತೆ ಎಂದು ಊರೆಲ್ಲ ಸುದ್ದಿಯಾಗಿ, ಆ ಅಳು ನೋಡಲೆಂದೇ ಇನ್ನಷ್ಟು ಜನ ಬಾಳೆಹಣ್ಣು ಹಿಡಿದು ಬರತೊಡಗುತ್ತಾರೆ.

ಮೇಷ್ಟ್ರ ಆ ವಾರದ ರೋಟಾ ಮಾಡಿದವನು ನಾನೇ. ಯಾವ ದಿನ ಯಾರ ಮನೆಯಲ್ಲಿ ತಿಂಡಿ, ಎಲ್ಲಿ ಊಟ, ಎಲ್ಲಿ ಸಂಜೆಯ ಕಾಫಿ. ಎಲ್ಲರಿಗೂ ಬೇಕು, ಯಾರಿಗೂ ಇಲ್ಲವೆನ್ನಲಾಗದು. ಇಲ್ಲವೆನ್ನುವ ಮನಸ್ಸೂ ನನಗಿರಲಿಲ್ಲ. ಡಾಕ್ಟರುಗಳ ಹೆಂಡಂದಿರು ಫೋನು ಮಾಡಿ, "ರಾಯರೇ, ನಮ್ಮನೇಗೆ ಬುಧವಾರ ಹಾಕ್ಕೊಡಿ ಪ್ಲೀಸ್" ಎಂದು ಕೇಳುವಾಗ ನನಗೆ ಹೇಗಾಗುತ್ತಿತ್ತೆಂದರೆ, ಅವರೆಲ್ಲ ನನ್ನ ಬಸ್ಸಿಗೆ ಕಾಯುತ್ತಿದ್ದಾರೆ ಅನಿಸುತ್ತಿತ್ತು. ಹೋದ ಮನೆಯಲ್ಲೆಲ್ಲ ಊಟವಾದ ಮೇಲೆ ಹತ್ತಿಪ್ಪತ್ತು ಜನ ಸೇರಿ, ಒಂದೆರಡು ಮಾತಾಡಿ ಮೇಷ್ಟ್ರೇ ಎನ್ನುತ್ತಿದ್ದರು. ಒಂದೆರಡು ಮಾತು ಗಂಟೆ ದಾಟುತ್ತಿತ್ತು. ಪಾಯಸದ ಮೇಲೆ ಐಸ್‌ಕ್ರೀಮು. ಹೊರಗೆ ತಣ್ಣನೆಯ ಗಾಳಿಯಲ್ಲಿ ನಿಲ್ಲಿಸಿ ಫೋಟೋ. ಡಿಪೋದ ರೋಟಾದಲ್ಲಿ ಡ್ರೈವರಿಗೆ ವಿರಾಮ ಕೊಡದೆ ಬಸ್ಸು ಹೊರಡಿಸುವಂತಿಲ್ಲ. ಇಷ್ಟು ವರ್ಷ ಆ ರೋಟಾದ ಅನ್ನ ತಿಂದವನು ನಾನು. ಮೇಷ್ಟ್ರ ರೋಟಾದಲ್ಲಿ ಒಂದು ಮಧ್ಯಾಹ್ನವನ್ನೂ ಖಾಲಿ ಬಿಡಲಿಲ್ಲ.

ಶುಕ್ರವಾರ ಸಂಜೆಯ ಹೊತ್ತಿಗೆ ಅವರ ದನಿ ನಿಂತುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಅಧ್ಯಕ್ಷರು ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದು ಟಾರ್ಚು ಹಾಕಿ ಗಂಟಲು ನೋಡಿದರು.

"ಏನೂ ಗಾಬರಿ ಇಲ್ಲ. ತುಂಬಾ ಮಾತಾಡ್ಸಿದ್ದೀವಿ, ಅಷ್ಟೇ. ಕಂಪ್ಲೀಟ್ ರೆಸ್ಟ್ ಕೊಡಿ. ನಾಳೆಗೆ ಬಂದ್ರೆ ಓದಲಿ. ಬರದಿದ್ರೆ ಬೇರೆ ಯಾರಾದ್ರೂ ಓದಬೇಕು." ನಂತರ ನನ್ನ ಕಡೆ ತಿರುಗಿ, "ರಾಯರೇ, ನಿಮ್ಮ ದನಿ ಚೆನ್ನಾಗಿದೆ. ನೀವು ರೆಡಿಯಾಗಿರಿ" ಎಂದರು.

ಮೇಷ್ಟ್ರು ತಲೆಯಾಡಿಸಿ, ಚೀಲದಿಂದ ಹಾಳೆಗಳನ್ನು ತೆಗೆದು ನನ್ನ ಕೈಗಿಟ್ಟರು.

ಆ ಸಂಜೆ ನಾನು ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯೆದುರು ಓದಿ ನೋಡಿದೆ. ಹೈಸ್ಕೂಲಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನಾಟಕ ಆಡಿದ್ದೆ. ಅದಾದ ಮೇಲೆ ನನ್ನ ದನಿಯನ್ನು ಯಾರೂ ಕೇಳಿರಲಿಲ್ಲ. ಮೈಕು ಟೆಸ್ಟ್ ಮಾಡುವಾಗ ಒಂದು ಎರಡು ಎನ್ನುವುದಷ್ಟೇ ವೇದಿಕೆಯ ಮೇಲಿನ ನನ್ನ ಮಾತು. ಹಿಂದೊಮ್ಮೆ ಮಾತ್ರ ಯುಗಾದಿಯ ಕಾರ್ಯಕ್ರಮದಲ್ಲಿ ಅತಿಥಿ ಡಾಕ್ಟರೊಬ್ಬರನ್ನು ಪರಿಚಯಿಸಲು ನಿಂತು, ಅವರ ಇಂಗ್ಲಿಷ್ ಡಿಗ್ರಿಗಳ ಸಾಲಿನಲ್ಲಿ ತೊಡರಿ ನಿಂತುಬಿಟ್ಟಿದ್ದೆ. ಸಭೆ ನಕ್ಕಿತ್ತು. ಯಾರೂ ಕೆಟ್ಟದ್ದಕ್ಕೆ ನಗಲಿಲ್ಲ, ಗೊತ್ತು. ಆದರೂ ಆ ನಗು ನನ್ನ ಕಿವಿಯಿಂದ ಹೋಗಿರಲಿಲ್ಲ. ಈಗ ಕನ್ನಡಿಯಲ್ಲಿ ಹಾಳೆ ಹಿಡಿದು ನಿಂತವನನ್ನು ನೋಡಿ, ನಾಳೆ ಮೇಷ್ಟ್ರ ದನಿ ಬರದಿದ್ದರೆ ಸಾಕು ಎಂದು ಅನಿಸಿತು. ಅನಿಸಿದ್ದನ್ನು ಅಲ್ಲಗಳೆಯಲೂ ಇಲ್ಲ.

ಶನಿವಾರ ಬೆಳಿಗ್ಗೆ ಕೆಳಗಿಳಿದು ಬಂದಾಗ ಅಡುಗೆಮನೆಯಲ್ಲಿ ಮಾತು ಕೇಳಿಸಿತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ನನ್ನ ಹೆಂಡತಿಗೆ ಅಕ್ಕನ ಬೋಂಡಾದ ಹದ ಹೇಳುತ್ತಿದ್ದರು. ದನಿ ತುಸು ಒರಟಾಗಿತ್ತು, ಅಷ್ಟೇ. ಸ್ಪಷ್ಟವಾಗಿತ್ತು.

ಹೆಂಡತಿ ನನ್ನನ್ನು ಕಂಡು, "ಅಲ್ರೀ, ಮಾಸ್ತರ ದನಿ ಚಲೋ ಬಂದದ ನೋಡ್ರಿ. ರಾತ್ರಿ ಉಪ್ಪುನೀರು ಮುಕ್ಕಳಿಸಾಕ ಕೊಟ್ಟಿದ್ದೆ. ಮುಂಜಾನಿಂದ ನನ್ನ ಜೋಡಿ ಮಾತಾಡಕತ್ತಾರ" ಎಂದಳು. ಅವಳಿಗೆ ಖುಷಿಯಾಗಿತ್ತು.

ಆಗಲೇ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಅಧ್ಯಕ್ಷರು.

"ರಾಯರೇ, ಗಂಟಲು ಹೇಗಿದೆ?"

ನಾನು ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ಎಳೆದುಕೊಂಡೆ. "ಇನ್ನೂ ಬಂದಿಲ್ಲ ಡಾಕ್ಟ್ರೇ. ಉಸಿರು ಬರತ್ತೆ, ದನಿ ಇಲ್ಲ."

"ಅಯ್ಯೋ ಪಾಪ. ಸರಿ, ರಿಸ್ಕ್ ಬೇಡ. ನೀವೇ ಓದಿಬಿಡಿ."

ಒಳಗೆ ಬಂದು ಮೇಷ್ಟ್ರಿಗೆ, ಡಾಕ್ಟರು ಇವತ್ತು ಮಾತಾಡಲೇಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ ಎಂದೆ.

"ನಂಗೇನೋ ಸರಿಹೋದ ಹಾಗಿದೆಯಲ್ಲ."

"ಮೊದಲು ಹಾಗೇ ಅನ್ಸತ್ತಂತೆ ಮೇಷ್ಟ್ರೇ. ಈಗ ಜೋರಾಗಿ ಓದಿದ್ರೆ ತಿಂಗಳುಗಟ್ಟಲೆ ದನಿ ಹೋಗತ್ತಂತೆ."

ಅರ್ಧ ಭೂಮಿ ದಾಟಿ ಓದಲು ಬಂದವರು. "ಆಗ್ಲಿ, ಡಾಕ್ಟ್ರ ಮಾತು ಮೀರಬಾರದು" ಎಂದರು. ಆಮೇಲೆ ಮೇಷ್ಟ್ರ ಗತ್ತಿನಲ್ಲೇ ಹೇಳಿಕೊಟ್ಟರು: "ಬೋಂಡಾದ ಹತ್ರ ಅವಸರ ಮಾಡ್ಬೇಡಿ. ಅಲ್ಲಿ ನಿಲ್ಲಿಸಿ. ಅವರು ನಕ್ಕು ಮುಗಿಸಲಿ. ಅಲ್ಲಿ ನಕ್ಕರೆ ಮುಂದೆಲ್ಲ ತಾನೇ ನಗ್ತಾರೆ. ನಾನು ಮುಂದುಗಡೆ ಕೂತು ನೋಡ್ಕೋತೀನಿ, ಎಲ್ಲೆಲ್ಲಿ ಅಂತ."

ಮೇಷ್ಟ್ರು ಸ್ನಾನಕ್ಕೆ ಹೋದ ಮೇಲೆ ಹೆಂಡತಿ ಕೇಳಿದಳು. ಬಾಗಿಲು ಎಳೆದುಕೊಂಡರೂ, ಬಾಗಿಲ ಬಳಿಯೇ ನಿಂತಿದ್ದ ಅವಳಿಗೆ ಕೇಳಿಸಿತ್ತು.

"ನಿಮಗ ಏನಾಗೇದ್ರೀ?"

"ಸುಮ್ನಿರು. ನಿನಗ ಇದೆಲ್ಲ ತಿಳಿಯಂಗಿಲ್ಲ."

ಅವಳು ಒಲೆ ಆರಿಸಿದಳು.

ಮಧ್ಯಾಹ್ನ ಊಟವಾದ ಮೇಲೆ ಕಥಾವಾಚನ. ಶಾಲೆಯೊಂದರ ಅಸೆಂಬ್ಲಿ ಹಾಲ್. ಕುರ್ಚಿಗಳನ್ನು ನಾನೇ ಬೆಳಿಗ್ಗೆ ಹೋಗಿ ಜೋಡಿಸಿದ್ದೆ. ಹಾಲ್ ತುಂಬಿತ್ತು. ಮ್ಯಾಂಚೆಸ್ಟರಿನಿಂದ, ಲೀಡ್ಸ್‌ನಿಂದಲೂ ಬಂದಿದ್ದರು. ಅಧ್ಯಕ್ಷರು ಮೇಷ್ಟ್ರ ಗಂಟಲಿನ ಸಂಗತಿ ಹೇಳಿದಾಗ ಎಲ್ಲರೂ ತ್ಚು ತ್ಚು ಎಂದರು. ಮೊದಲ ಸಾಲಿನಲ್ಲಿ ಮೇಷ್ಟ್ರು, ಅವರ ಪಕ್ಕದಲ್ಲಿ ನನ್ನ ಹೆಂಡತಿ.

ಮೊದಲ ಪುಟವನ್ನು ಅವರು ಹೇಳಿದ ಹಾಗೇ ಓದಿದೆ, ನೇರವಾಗಿ. ಬೋಂಡಾ ಬಂತು. ಗೇಟು ಕಿರುಗುಟ್ಟಿತು. ಹೆಂಗಸಿನ ಬಾಯಲ್ಲಿ ಸುಡುವ ಬೋಂಡಾ. ನಾನು ನಿಲ್ಲಿಸಿದೆ.

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸರು ಕಿಸಕ್ಕನೆ ನಕ್ಕರು. ಎರಡನೆಯ ಸಾಲಿನಲ್ಲಿದ್ದ ಡಾಕ್ಟರೊಬ್ಬರು ಬಾಯಿ ಓರೆ ಮಾಡಿ, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆಯೂ ನಕ್ಕರು. ಮೇಷ್ಟ್ರ ಮುಖ ಅರಳಿತು; ಅದನ್ನೂ ಕಂಡೆ.

ಕತೆ ಬಯಸಿದ್ದು ಆ ನಗುವನ್ನೇ. ಅದು ತಲೆಗೆ ಗೊತ್ತಿತ್ತು. ಆದರೆ ಮೈಕಿನ ಮುಂದೆ ನಿಂತವನಿಗೆ ಯುಗಾದಿಯ ಹಾಲ್ ನೆನಪಾಯಿತು. ಕುರ್ಚಿ ಜೋಡಿಸುವವನು ಸಾಹಿತ್ಯ ಓದಲು ನಿಂತಿದ್ದಾನೆ ಎಂದು ನನ್ನನ್ನು ನೋಡಿ ನಗುತ್ತಿದ್ದಾರೆ ಅನಿಸಿತು. ಇನ್ನೊಮ್ಮೆ ಇವರು ನಗಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

ದನಿಯನ್ನು ತಗ್ಗಿಸಿ ಭಾರ ಮಾಡಿದೆ. ಹೈಸ್ಕೂಲಿನ ನಾಟಕದಲ್ಲಿ ಮಗನನ್ನು ಕಳೆದುಕೊಂಡ ರಾಜನ ಪಾತ್ರಕ್ಕೆ ಕಲಿತ ದನಿ ಅದು. ಆಕೆಯ ಕಣ್ಣಲ್ಲಿ ನೀರು ಹರಿಯಿತು ಎಂಬ ವಾಕ್ಯವನ್ನು ಎಳೆದು, ನಡುಗಿಸಿ, ಕೊನೆಯಲ್ಲಿ ನುಂಗಿ ಓದಿದೆ. ನಗು ನಿಂತಿತು. ಹಾಲ್ ಗಪ್ಪನೆ ಸುಮ್ಮನಾಯಿತು. ಮನೆ ತುಂಬ ಬಾಳೆಹಣ್ಣು ತುಂಬಿ, ಆಕೆ ಅದರ ಹಲ್ವಾ ಮಾಡಿ ಬಂದವರಿಗೇ ತಿನ್ನಿಸುವ ಭಾಗ ಬಂತು. ಅದನ್ನು ಮಂತ್ರದ ಹಾಗೆ ಗಂಭೀರವಾಗಿ ದಾಟಿಸಿದೆ. ಕೊನೆಯ ಪುಟದಲ್ಲಿ ಬರುವವರು ನಿಂತುಹೋಗುತ್ತಾರೆ. ಆಕೆ ತಾನೇ ಹೊರಗೆ ಹೋಗಿ ಗೇಟು ಅಲ್ಲಾಡಿಸಿ, ಓಡಿ ಒಳಗೆ ಬಂದು ಅಳುವ ಜಾಗದಲ್ಲಿ ಕೂರುತ್ತಾಳೆ. ಆಮೇಲೆ ಯಾರೂ ಇಲ್ಲವಲ್ಲ ಎಂದು ಬೋಂಡಾ ಎತ್ತಿಕೊಳ್ಳುತ್ತಾಳೆ. ಅಷ್ಟು ಹೊತ್ತಿಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣಲ್ಲೂ ನೀರಿತ್ತು. ಅದು ನನ್ನ ದನಿಗೆ ನಾನೇ ಮರುಳಾದ ನೀರು.

ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆಂದು ತಂದಿದ್ದ ಶಾಲುಗಳ ಜೊತೆ ಇನ್ನೊಂದು ಶಾಲು ಎಲ್ಲಿಂದಲೋ ಬಂತು. ಅಧ್ಯಕ್ಷರು ಅದನ್ನು ನನಗೆ ಹೊದಿಸಿದರು. ಅವರ ಹೆಂಡತಿ ಹತ್ತಿರ ಬಂದು, "ಅಳಿಸಿಬಿಟ್ರಲ್ಲ ರಾಯರೇ. ನಿಮ್ಮಲ್ಲಿ ಇಂಥ ಕಲೆ ಇದೆ ಅಂತ ಗೊತ್ತೇ ಇರ್ಲಿಲ್ಲ" ಎಂದರು.

ಆಮೇಲೆ ಮೇಷ್ಟ್ರನ್ನು ವೇದಿಕೆಗೆ ಕರೆದರು. ಅವರು ಮೈಕಿನ ಬಳಿ ಬಂದರು. ಬಾಯಿ ತೆರೆದು ಒಂದು ನಮಸ್ಕಾರ ಅಂದಿದ್ದರೂ ಸಾಕಿತ್ತು, ಇಡೀ ಹಾಲ್‌ಗೆ ಗೊತ್ತಾಗುತ್ತಿತ್ತು. ಅವರು ನನ್ನ ಕಡೆ ನೋಡಿದರು. ಗಂಟಲಿನ ಮೇಲೆ ಕೈಯಿಟ್ಟು ತೋರಿಸಿ, ಸಭೆಗೆ ಕೈಮುಗಿದು ಇಳಿದುಹೋದರು. ನನ್ನ ಸುಳ್ಳು ಅವರಿಗೆ ಆಗಲೇ ಗೊತ್ತಾಗಿತ್ತು. ಮಧ್ಯಾಹ್ನದ ಊಟದ ಸಾಲಿನಲ್ಲಿ ಅಧ್ಯಕ್ಷರು ಮೇಷ್ಟ್ರ ಬೆನ್ನು ತಟ್ಟಿ, "ದನಿ ಬಂದಿದ್ರೆ ನೀವೇ ಓದಬಹುದಿತ್ತು, ಬ್ಯಾಡ್ ಲಕ್" ಎಂದಿದ್ದರಂತೆ. ಅದನ್ನು ನನಗೆ ಹೇಳಿದವಳು ಹೆಂಡತಿ, ಮನೆಗೆ ಬಂದ ಮೇಲೆ. ಅದರ ಜೊತೆ ಇನ್ನೊಂದು ಮಾತನ್ನೂ ಸೇರಿಸಿದಳು:

"ಹೆಣ್ಣಮಗಳು ಕುಂತು ಬೋಂಡಾ ತಿನ್ನಾಕತ್ತಾಳಂದ್ರ, ಅದರಾಗ ಅಳೂದೇನದರೀ?"

ಭಾನುವಾರ ಮೇಷ್ಟ್ರನ್ನು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ಬಿಡಬೇಕಿತ್ತು. ನನ್ನದೇ ಕಾರು. ಹೆಂಡತಿ ದಾರಿಗೆಂದು ಬುತ್ತಿ ಕಟ್ಟಿ ಮೇಷ್ಟ್ರ ಕೈಗೇ ಕೊಟ್ಟಳು, ನನ್ನ ಕೈಗೆ ಕೊಡಲಿಲ್ಲ. ಎಂ ಸಿಕ್ಸ್ ರಸ್ತೆಯಲ್ಲಿ ರಿಪೇರಿ ನಡೆದಿತ್ತು, ವಾಹನಗಳು ತೆವಳುತ್ತಿದ್ದವು. ಸ್ಟ್ಯಾಫರ್ಡ್ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ.

"ಮೇಷ್ಟ್ರೇ, ನಿನ್ನೆ ಬೆಳಿಗ್ಗೆ ಡಾಕ್ಟ್ರು ಫೋನ್ ಮಾಡಿದಾಗ ನಾನು..."

"ರಸ್ತೆ ನೋಡಿ ರಾಯರೇ" ಎಂದರು. ದನಿ ಪೂರ್ತಿ ತಿಳಿಯಾಗಿತ್ತು. ಚೀಲದಿಂದ ಹಾಳೆಗಳನ್ನು ತೆಗೆದರು, ಜೇಬಿನಿಂದ ಒಂದು ಮೋಟು ಪೆನ್ಸಿಲು. "ಅಕ್ಕ ಬಾಗಿಲಲ್ಲೇ ಕೇಳ್ತಾಳೆ. ಚಪ್ಪಲಿ ಬಿಡೋಕೂ ಬಿಡಲ್ಲ. ಎಲ್ಲೆಲ್ಲಿ ನಕ್ಕರು ಅಂತ ನಾನೇನು ಹೇಳಲಿ? ನೀವು ಕೇಳ್ತಾ ಇರಿ, ನಾನು ಓದ್ತೀನಿ."

ಓದಿದರು. ಯಾವ ಒತ್ತೂ ಇಲ್ಲ. ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ, ತಮಗೂ ಅದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ. ಬೋಂಡಾದ ಹತ್ತಿರ ನಿಲ್ಲಿಸಿ, ಕೆನ್ನೆ ಉಬ್ಬಿಸಿಕೊಂಡು ಸುಮ್ಮನೆ ಎದುರಿನ ಲಾರಿಯನ್ನು ನೋಡಿದರು. ನನಗೆ ತಡೆಯಲಾಗಲಿಲ್ಲ. ಸ್ಟಿಯರಿಂಗ್ ಹಿಡಿದೇ ಗಹಗಹಿಸಿ ನಕ್ಕೆ. ಅವರು ಹಾಳೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದರು. ಹಲ್ವಾ ತಿಂದ ನೆಂಟನೊಬ್ಬ ಇನ್ನೊಂದು ತಟ್ಟೆ ಕೇಳಲು ನಾಚಿ, ಸತ್ತವನ ಗುಣಗಾನವನ್ನು ಮೊದಲಿನಿಂದ ಶುರು ಮಾಡುವ ಕಡೆ ಮತ್ತೆ ನಕ್ಕೆ. ಮತ್ತೊಂದು ಗೆರೆ. ಹಿಂದಿನ ದಿನ ಇದೇ ವಾಕ್ಯವನ್ನು ನಾನು ಸೂತಕದ ದನಿಯಲ್ಲಿ ಓದಿದ್ದೆ. ಹಾಲ್ ತುಂಬ ಕೂತಿದ್ದವರೆಲ್ಲ ಈ ಕತೆಯನ್ನು ಕೇಳದೆಯೇ ಮನೆಗೆ ಹೋಗಿದ್ದರು.

"ಸಭೆ ಚಿಕ್ಕದಿತ್ತು, ಆದ್ರೆ ಒಳ್ಳೇ ಸಭೆ ಅಂತ ಹೇಳ್ತೀನಿ ಅವಳಿಗೆ" ಎಂದು ಮೇಷ್ಟ್ರು ಪುಟ ತಿರುವಿದರು.

ವಿಮಾನ ನಿಲ್ದಾಣದ ಹತ್ತಿರ, ವಿದನ್‌ಶಾ ಕಡೆಯ ತಿರುವಿಗೆ ಬರುವಾಗ ಕೊನೆಯ ಪುಟ. ಅಕ್ಕನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ಎಂದು ಹೇಳಿ ಓದಿದರು. ಹೆಂಗಸು ಹೊರಗೆ ಹೋದಳು, ತನ್ನ ಗೇಟನ್ನು ತಾನೇ ಅಲ್ಲಾಡಿಸಿದಳು, ಓಡಿ ಬಂದು ಕೂತಳು. ಇಲ್ಲೂ ನಗಬೇಕು ಎಂದು ನನಗೆ ಗೊತ್ತಿತ್ತು. ಆದರೆ ನಗು ಬರಲಿಲ್ಲ. ಮೈಸೂರಿನ ಯಾವುದೋ ಬಾಗಿಲಲ್ಲಿ ತಮ್ಮನ ದಾರಿ ಕಾಯುತ್ತ ಕೂತ ಮುದುಕಿ ಕಣ್ಣೆದುರು ಬಂದಳು. ಮೇಷ್ಟ್ರು ಪೆನ್ಸಿಲು ಹಿಡಿದು ಕಾಯುತ್ತಿದ್ದರು. ಅವರಿಗೆ ಅದೊಂದನ್ನಾದರೂ ಕೊಡಬೇಕೆಂದು ನಾನು ನಕ್ಕೆ. ಜೋರಾಗಿಯೇ ನಕ್ಕೆ.

ಅವರು ತಿರುಗಿ ನನ್ನ ಮುಖ ನೋಡಿದರು. ಗೆರೆ ಎಳೆಯಲಿಲ್ಲ. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು ಹಾಳೆಗಳನ್ನು ಮಡಿಸಿದರು.